ದಿಂಬಿನ ಕವರಿನಲ್ಲಿ ಮೂರನೇ ಜಾತಿ

ನನ್ನ ಗಂಡನ ಅಣ್ಣನಿಗೆ ಹೆಬ್ಬಾವಿನ ಹುಚ್ಚು ಹತ್ತಿದ್ದು ಊಟಕ್ಕೆ ಕೂತಿದ್ದಾಗ. ಅವರ ಮನೆ ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದ ಸ್ವಲ್ಪ ಒಳಗೆ, ಕಾಡಿನ ಅಂಚಿಗೆ. ನಾನು ಸಾಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಹಬ್ಬಕ್ಕೆ ಹೋಗಿದ್ದಾಗ ಭಾವ ಅನ್ನಕ್ಕೆ ಸಾರು ಕಲಸುತ್ತ, "ನಮ್ಮ ಗದ್ದೆ ಕಡೆ ಬರೋ ಹೆಬ್ಬಾವಿಗೂ ಟೀವೀಲಿ ತೋರ್ಸೋ ಹೆಬ್ಬಾವಿಗೂ ಬಣ್ಣ ಬೇರೆ ಅಲ್ವಾ? ಅದು ಬೇರೆ ಜಾತಿಯಾ?" ಎಂದು ಕೇಳಿದರು.

ಪಾಠ ಮಾಡುವವರಿಗೆ ಅಷ್ಟು ಸಾಕು. ಬಣ್ಣ ನೋಡಿ ಜಾತಿ ಹೇಳಲಿಕ್ಕಾಗುವುದಿಲ್ಲ ಎಂದು ಶುರುಮಾಡಿದೆ. ನಮ್ಮ ಹೆಬ್ಬಾವನ್ನೂ ಬರ್ಮಾ ಕಡೆಯ ಹೆಬ್ಬಾವನ್ನೂ ಬಹಳ ಕಾಲ ಒಂದೇ ಜಾತಿಯ ಎರಡು ಬಗೆ ಎಂದು ಪುಸ್ತಕಗಳು ಬರೆಯುತ್ತಿದ್ದವು. ಆಮೇಲೆ ಅವನ್ನು ಬೇರೆ ಬೇರೆ ಜಾತಿ ಎಂದು ಒಪ್ಪಿಕೊಂಡರು. ಗುರುತು ಹಿಡಿಯಲು ಕಣ್ಣಿನ ಕೆಳಗೆ ನೋಡಬೇಕು. ನಮ್ಮ ಹೆಬ್ಬಾವಿನಲ್ಲಿ ಮೇಲ್ದುಟಿಯ ಹುರುಪೆಗಳಲ್ಲಿ ಒಂದೋ ಎರಡೋ ನೇರ ಕಣ್ಣಿಗೇ ತಾಗಿಕೊಂಡಿರುತ್ತವೆ. ಬರ್ಮಾದ್ದರಲ್ಲಿ ಮಧ್ಯೆ ಪುಟ್ಟ ಹುರುಪೆಗಳ ಸಾಲೊಂದು ಅಡ್ಡ ಬರುತ್ತದೆ. ಇದನ್ನೆಲ್ಲ ಎಲೆಯ ತುದಿಯಲ್ಲಿ ಉಪ್ಪಿನಕಾಯಿ ರಸದಿಂದ ಗೆರೆ ಎಳೆದು ತೋರಿಸಿದೆ.

ಭಾವ ಎಲೆಯನ್ನೇ ನೋಡುತ್ತಿದ್ದರು. "ಅಂದ್ರೆ ಅಷ್ಟು ದೊಡ್ಡ ಹಾವಿನ ಕುಲ ಗೋತ್ರ ಎಲ್ಲ ಅಕ್ಕಿ ಕಾಳಷ್ಟು ಜಾಗದಲ್ಲಿ ಇದೆ ಅನ್ನು."

"ಅಲ್ಲೂ ಇದೆ ಭಾವ."

"ಹಂಗಾದ್ರೆ ನಮ್ಮ ಕಾಡಲ್ಲಿ ಮೂರನೇದು ಒಂದು ಇರಬಾರ್ದು ಅಂತ ಎಂತ?"

"ಈ ಕಡೆ ಇರೋದು ಒಂದೇ ಜಾತಿ ಅಂತಾರೆ."

"ಅಂದೋರು ನಿಟ್ಟೂರಿಗೆ ಬಂದು ನೋಡಿದ್ರಾ?"

ನಾನು ನಕ್ಕೆ. ಅವರು ನಗಲಿಲ್ಲ.

ಅಂದಿನಿಂದ ನನ್ನ ಫೋನಿಗೆ ಹೆಬ್ಬಾವಿನ ಫೋಟೋಗಳು ಬರತೊಡಗಿದವು. ಯಾರ ಕೊಟ್ಟಿಗೆಗೆ ಬಂದರೂ, ಯಾರ ಬಲೆಗೆ ಸಿಕ್ಕಿಕೊಂಡರೂ ಭಾವ ಬೈಕು ಹತ್ತಿ ಹೋಗಿ ಅದರ ಕಣ್ಣಿನ ಫೋಟೋ ತೆಗೆಯುವರು. ಹೆಬ್ಬಾವಿನ ತುಟಿಯ ಮೇಲಿನ ಗುಳಿಗಳನ್ನು ಅವರೇ ಕಂಡುಹಿಡಿದು ಅದೇನೆಂದು ಕೇಳಿದರು. ಬಿಸಿರಕ್ತದ ಪ್ರಾಣಿ ಹತ್ತಿರ ಬಂದರೆ ಅದರ ಕಾವನ್ನು ಆ ಗುಳಿಗಳಿಂದ ಹಾವು ತಿಳಿಯುತ್ತದೆ ಎಂದು ಹೇಳಿದೆ. ಬಾಲದ ಬುಡದಲ್ಲಿ ಎರಡು ಪಕ್ಕಕ್ಕೂ ಒಂದೊಂದು ಉಗುರು ಇರುತ್ತದೆ, ಅದು ಎಂದೋ ಇದ್ದ ಹಿಂಗಾಲಿನ ಉಳಿಕೆ ಎಂದಾಗ ಅವರಿಗೆ ಎರಡು ದಿನ ನಿದ್ದೆ ಬರಲಿಲ್ಲವಂತೆ. ಅಕ್ಕ, ಅಂದರೆ ಅವರ ಹೆಂಡತಿ, ಫೋನು ಮಾಡಿ ದೂರು ಹೇಳಿದಳು. ಒಂದು ಸಲ ಅವರು ನನ್ನನ್ನು ಕರೆಸಿಕೊಂಡು ಮುಳ್ಳುಹಂದಿಯ ಹಳೇ ಬಿಲವೊಂದನ್ನು ತೋರಿಸಿದರು. ಒಳಗೆ ಹೆಣ್ಣು ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಮಲಗಿತ್ತು. ಟಾರ್ಚಿನ ಬೆಳಕಿನಲ್ಲಿ ಅದರ ಮೈ ಸಣ್ಣಗೆ ನಡುಗುತ್ತಿತ್ತು. ಚಳಿ ಹಿಡಿದಿದೆಯೇನೋ ಎಂದರು ಭಾವ. ಹಾಗೆ ಮೈ ನಡುಗಿಸಿ ಕಾವು ಹುಟ್ಟಿಸುತ್ತದೆ, ಮೊಟ್ಟೆಗೆ ಬಿಸಿ ಕೊಡಲಿಕ್ಕೆ ಎಂದೆ. ಅವರು ಟಾರ್ಚು ಆರಿಸಿ, ಹಿಂದೆ ಸರಿದು, ಚಪ್ಪಲಿ ಬಿಟ್ಟು ನಿಂತರು.

ಹಾವು ಮುಟ್ಟಬೇಡಿ, ದೂರದಿಂದ ಫೋಟೋ ತೆಗೆದರೆ ಸಾಕು, ಹಿಡಿಯುವುದು ಕಾನೂನಿಗೂ ಒಳ್ಳೆಯದಲ್ಲ ಎಂದು ಹೇಳುತ್ತಲೇ ಇದ್ದೆ. ಹೂಂ ಹೂಂ ಎನ್ನುತ್ತಿದ್ದರು. ಅಷ್ಟರಲ್ಲಿ ಹಾವು ಹಿಡಿಯುವವರ ವಿಡಿಯೋ ನೋಡಿ, ಪಿವಿಸಿ ಪೈಪಿನ ತುದಿಗೆ ಬಟ್ಟೆ ಚೀಲ ಕಟ್ಟಿ ಹಾವನ್ನು ಅದರೊಳಗೆ ನುಗ್ಗಿಸುವುದನ್ನು ಕಲಿತಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಮಳೆಗಾಲ ಆಗತಾನೇ ಶುರುವಾಗಿತ್ತು. ಬೆಳಿಗ್ಗೆ ಪ್ರಾಯೋಗಿಕ ಪರೀಕ್ಷೆಗೆ ಲ್ಯಾಬು ಸಜ್ಜು ಮಾಡುತ್ತಿದ್ದಾಗ ಫೋನಿಗೆ ಒಂದು ಫೋಟೋ ಮತ್ತು ಭಾವನ ಧ್ವನಿ ಬಂದವು.

"ಸಿಕ್ತು ಮಾರಾಯ್ತಿ! ಮೂರನೇದು ಸಿಕ್ತು. ಉದ್ದ ನನ್ನ ಸೊಂಟದವರೆಗೂ ಬರಲ್ಲ, ಆದ್ರೆ ಹೊಟ್ಟೆ ತುಂಬಾ ಮೊಟ್ಟೆ. ಇಷ್ಟೇ ಇಷ್ಟು ಹೆಬ್ಬಾವಿಗೆ ಮೊಟ್ಟೆ ಬರ್ತದಾ ನೀನೇ ಹೇಳು? ಮರಿ ಅಲ್ಲ ಇದು. ಜಾತಿನೇ ಗಿಡ್ಡ. ಬಸ್ಸಿಗೆ ಬರ್ತಾ ಇದೀನಿ, ನೀ ಕಾಲೇಜಲ್ಲೇ ಇರು."

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಹೆಬ್ಬಾವು ಅಷ್ಟು ಚಿಕ್ಕದಿರುವಾಗ ಗರ್ಭ ಕಟ್ಟುವುದಿಲ್ಲ. ಗರ್ಭ ಕಟ್ಟಿದ ಮೂರಡಿಯ ಹೆಬ್ಬಾವು ಇದ್ದರೆ ಅದು ಹೊಸ ಜಾತಿಯೇ ಇರಬೇಕು. ಫೋಟೋ ತೆರೆಯುವಾಗ ನನ್ನ ಎದೆಯೂ ಹೊಡೆದುಕೊಂಡಿತು.

ದಿಂಬಿನ ಕವರಿನ ಬಾಯಿಯಿಂದ ತೆಗೆದ ಫೋಟೋ, ಅರ್ಧ ಅಲುಗಿದೆ. ಪೊರೆ ಬಿಡುವ ಮುಂಚಿನ ಮಂಕು ಮೈ, ಮೇಲೆ ಕೆಸರು ಮೆತ್ತಿದೆ. ಕಂದು ಕಲೆಗಳು. ಹೆಬ್ಬಾವಿನ ಕಲೆಗಳು ಒಂದಕ್ಕೊಂದು ಅಂಟಿಕೊಂಡು, ಹರಿದ ಬಟ್ಟೆಯ ತುಂಡುಗಳ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಇಲ್ಲಿ ಒಂದು ಮೂಲೆಯಲ್ಲಿ ಮಾತ್ರ, ಕೆಸರು ಉದುರಿದ ಕಡೆ, ಬಿಡಿಬಿಡಿಯಾದ ಎರಡು ಉರುಟು ಕಲೆಗಳು ಕಂಡವು. ಸುತ್ತಲೂ ಕಪ್ಪು ಅಂಚು.

ಫೋಟೋದಿಂದ ಖಚಿತ ಹೇಳುವಂತಿರಲಿಲ್ಲ. ಭಾವನ ಧ್ವನಿಯನ್ನು ಇನ್ನೊಮ್ಮೆ ಹಾಕಿ ಫೋನನ್ನು ಕಿವಿಗೆ ಒತ್ತಿಕೊಂಡೆ. ಅವರ ಮಾತಿನ ಹಿಂದೆ ಒಂದು ಸದ್ದಿತ್ತು. ಕುಕ್ಕರಿನ ಉಗಿ ಬಿಟ್ಟ ಹಾಗೆ, ಎಳೆದು, ನಿಂತು, ಮತ್ತೆ ಎಳೆದು.

ನಾನು ತೀರ್ಥಹಳ್ಳಿ ಕಡೆಯವಳು. ಚಿಕ್ಕಂದಿನಲ್ಲಿ ಗದ್ದೆ ಕೊಯ್ಲಿನ ಹೊತ್ತಿನಲ್ಲಿ ಆ ಸದ್ದನ್ನು ಕೇಳಿದ್ದೆ. ಪಕ್ಕದ ಮನೆಯ ಹೆಂಗಸು ಹುಲ್ಲಿನ ಹೊರೆ ಎತ್ತಲು ಬಗ್ಗಿದ್ದಳು. ಮರುದಿನ ಅವಳ ಒಸಡಿನಿಂದ ರಕ್ತ ಸೋರುತ್ತಿತ್ತು. ಅದು ನಿಲ್ಲಲೇ ಇಲ್ಲ. ಅವಳನ್ನು ಕಚ್ಚಿದ್ದು ಕೊಳಕುಮಂಡಲ, ಈ ಸದ್ದು ಅದರದ್ದು.

ನಿಟ್ಟೂರಿನ ದಟ್ಟ ಕಾಡಿನ ಕಡೆ ಕೊಳಕುಮಂಡಲ ಅಪರೂಪ. ಭಾವ ಅದನ್ನು ನೋಡಿದ್ದರೂ ಹಳದಿಗಂದು ಬಣ್ಣದಲ್ಲಿ ಹೊಳೆಯುವುದನ್ನು ನೋಡಿದ್ದಾರು, ಹೀಗೆ ಕೆಸರು ಮೆತ್ತಿ ಮಂಕಾದದ್ದನ್ನಲ್ಲ. ಅವರಿಗೆ ಫೋನು ಹಚ್ಚಿದೆ. ವ್ಯಾಪ್ತಿ ಪ್ರದೇಶದಲ್ಲಿಲ್ಲ. ಮತ್ತೆ ಹಚ್ಚಿದೆ. ಇಲ್ಲ. ಅಕ್ಕನಿಗೆ ಮಾಡಿದೆ.

"ಆಗ್ಲೇ ಹೋದ್ರು ಕಣೆ. ದಿಂಬಿನ ಕವರಿಗೆ ಹಾಕಿ, ಅದನ್ನ ವೈರ್ ಬ್ಯಾಗಲ್ಲಿ ಇಟ್ಕಂಡು. ನನ್ನ ಹತ್ರ ಮುಟ್ಟಕ್ಕೇ ಕೊಡ್ಲಿಲ್ಲ, ಬಸುರಿ ಅಂತೆ ಅದು. ಎಂತಕ್ಕೆ?"

"ಏನಿಲ್ಲ ಅಕ್ಕ. ಬಸ್ಸು ಯಾವುದು ಅಂತ ಕೇಳಕ್ಕೆ."

ಬಸ್ಸಿನ ಹೆಸರು ಹೇಳಿದಳು. ನಿಜ ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಹೇಳಿ ಆಗುವುದೂ ಏನಿರಲಿಲ್ಲ.

ಲ್ಯಾಬನ್ನು ಸಹೋದ್ಯೋಗಿಗೆ ಒಪ್ಪಿಸಿ ಬಸ್‌ಸ್ಟ್ಯಾಂಡಿಗೆ ಓಡಿದೆ. ದಾರಿಯಲ್ಲೇ, ಊರಲ್ಲಿ ಹಾವು ಹಿಡಿಯುವ ಒಬ್ಬರಿಗೆ ಫೋನು ಮಾಡಿದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು, ಅರಣ್ಯ ಇಲಾಖೆಯವರೂ ಅವರನ್ನೇ ಕರೆಯುವುದು. "ಬಸ್ಸಲ್ಲಾ?" ಎಂದು ಒಂದೇ ಮಾತು ಕೇಳಿ, ಕಾರು ತರುತ್ತೇನೆ ಎಂದರು. ಸ್ಟ್ಯಾಂಡಿನ ಏಜೆಂಟರ ಹತ್ತಿರ ಕಂಡಕ್ಟರನ ನಂಬರು ಸಿಕ್ಕಿತು.

ಅವರ ಕಾರಿನಲ್ಲಿ ನಾವು ಹೊಸನಗರದ ದಾರಿ ಹಿಡಿದ ಮೇಲೆ ಕಂಡಕ್ಟರನ ಫೋನು ಹತ್ತಿತು. ಹೊಸನಗರ ದಾಟಿ ಬಟ್ಟೆಮಲ್ಲಪ್ಪದ ಹತ್ತಿರ ಬರುತ್ತಿದ್ದಾರೆ. ಬಸ್ಸು ತುಂಬಿದೆ.

"ನಾ ಹೇಳೋದು ಕೇಳಿ, ಗಟ್ಟಿ ಮಾತಾಡಬೇಡಿ" ಎಂದೆ. "ನಿಟ್ಟೂರಲ್ಲಿ ಒಬ್ರು ಹತ್ತಿದಾರೆ. ವಯಸ್ಸಾದವರು, ಪಂಚೆ, ಹಸಿರು ವೈರ್ ಬ್ಯಾಗು."

"ಹೌದು ಮೇಡಂ, ಮೂರನೇ ಸೀಟು. ತೊಡೆ ಮೇಲೇ ಇಟ್ಕಂಡಿದಾರೆ. ಕೆಳಗಿಡಿ ಅಂದ್ರೆ ಕೇಳ್ಲಿಲ್ಲ."

"ಪಕ್ಕದಲ್ಲಿ ಯಾರು?"

"ಒಬ್ಬ ಅಮ್ಮ, ಮಗು."

ಬ್ಯಾಗಿನಲ್ಲಿ ಏನಿದೆ ಎಂದು ಹೇಳಿದೆ. ತುಂಬಿದ ಬಸ್ಸಿನಲ್ಲಿ ಹಾವು ಎಂಬ ಶಬ್ದ ಬಿದ್ದರೆ ಏನಾದೀತೆಂದು ಅವನಿಗೂ ಗೊತ್ತಿತ್ತು. ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಬ್ಯಾಗು ಕಾಲಡಿಗೆ ಹೋಗುತ್ತದೆ. ಬಟ್ಟೆಯ ಮೇಲಿಂದಲೇ ಕಚ್ಚಬಲ್ಲ ಹಲ್ಲು ಅದರದ್ದು.

"ಲೈನಲ್ಲೇ ಇರಿ" ಎಂದ. ನಂತರ ಅವನ ಧ್ವನಿ ದೂರದಿಂದ, ದಿನವೂ ಕೂಗುವ ಅದೇ ಬೇಸರದ ರಾಗದಲ್ಲಿ ಕೇಳಿಸಿತು: "ಹಿಂದಿನ ಟೈರು ಪಂಚರ್ರು. ಎಲ್ಲ ಇಳೀರಿ, ಜಾಕ್ ಹಾಕ್ಬೇಕು. ಲಗೇಜು ಅಲ್ಲೇ ಇರ್ಲಿ. ಅಮ್ಮಾ, ಮಗೂನ ಕರ್ಕಂಡು ನೀವು ಮೊದ್ಲು."

ಬಸ್ಸು ನಿಂತಿತು. ಗೊಣಗಾಟ, ಛತ್ರಿ ಬಿಚ್ಚುವ ಸದ್ದು, ಮಗುವಿನ ಅಳು. ಆಮೇಲೆ ಭಾವನ ಧ್ವನಿ: "ನಾ ಇಳಿಯಲ್ಲ. ಬ್ಯಾಗು ಬಿಟ್ಟು ಹೋಗಕ್ಕಾಗಲ್ಲ, ಕಾಲೇಜಿಂದು ಇದು."

"ಅವರಿಗೆ ಫೋನು ಕೊಡಿ" ಎಂದೆ.

ಫೋನು ಅವರ ಕೈಗೆ ಹೋಗುವಷ್ಟರಲ್ಲಿ ನಾನು ಹೇಳಬೇಕೆಂದುಕೊಂಡಿದ್ದ ಮಾತನ್ನು ಬದಲಿಸಿಕೊಂಡೆ. ಥಟ್ಟನೆ ಹೇಳಿದರೆ ಅವರು ಎದ್ದು ನಿಂತಾರು. ಬ್ಯಾಗನ್ನು ಎಸೆದಾರು.

"ಹಲೋ, ಮಾರಾಯ್ತಿ? ಇವನ ಫೋನಲ್ಲಿ ನೀನು ಹ್ಯಾಗೆ?"

"ಭಾವ, ಸುಮ್ನೆ ಕೂತ್ಕಳಿ. ಒಂದೆರಡು ವಿಷಯ ಕೇಳ್ತೀನಿ. ತಲೆ ನೋಡಿದ್ರಾ ಅದರದ್ದು?"

"ನೋಡ್ದೆ."

"ತಲೆ ಮೇಲೆ ಮುಂದುಗಡೆ ಅಗಲ ಅಗಲ ಹುರುಪೆ ಇದ್ವಾ, ಇಲ್ಲ ಪೂರ್ತಿ ಸಣ್ಣವಾ?"

"ಪೂರ್ತಿ ಸಣ್ಣವು. ಅದಕ್ಕೇ ಅಲ್ವಾ ಬೇರೆ ಜಾತಿ ಅಂದಿದ್ದು!"

"ತುಟಿ ಮೇಲೆ ಗುಳಿ?"

"ಅದೂ ಇಲ್ಲ."

"ಮೈ ನುಣುಪಾ?"

"ಒರಟು. ಭತ್ತದ ತೆನೆ ಸವರಿದ ಹಾಗೆ. ಪೈಪಿಗೆ ಉಜ್ಜುವಾಗ ಸರಸರ ಅಂತಿತ್ತು." ಅವರ ಧ್ವನಿ ಸಣ್ಣದಾಗುತ್ತ ಬಂತು.

"ಬಾಲದ ಬುಡದಲ್ಲಿ ಉಗುರು ಇತ್ತಾ ಭಾವ?"

"ಹೆಣ್ಣಲ್ಲಿ ಸಣ್ಣದಿರ್ತದೆ ಅಂದಿದ್ಯಲ್ಲ. ಹುಡುಕ್ದೆ. ಕಾಣ್ಲಿಲ್ಲ."

ಕಾರಿನ ವೈಪರು ಅತ್ತಿತ್ತ ಆಡುತ್ತಿತ್ತು. ಹಾವು ಹಿಡಿಯುವವರು ನನ್ನ ಮುಖ ನೋಡಿ ಕಾರನ್ನು ಇನ್ನಷ್ಟು ಜೋರಾಗಿ ಓಡಿಸಿದರು.

"ಇದು ಹೆಬ್ಬಾವಲ್ಲ ಅಲ್ವಾ?" ಎಂದರು ಭಾವ.

"ಅಲ್ಲ ಭಾವ."

"ಅದೇನಾ?"

"ಹೌದು. ಅದೇ. ಅಲ್ಲಾಡಬೇಡಿ."

"ತೊಡೆ ಮೇಲೇ ಇದೆ."

ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಬ್ಯಾಗಿನ ಹಿಡಿಕೆ ಮಾತ್ರ ಹಿಡಿದುಕೊಂಡು, ಮೆಲ್ಲಗೆ ನೇರ ಮೇಲೆತ್ತಿ, ಕೈ ಚಾಚಿ ಎದುರು ಸೀಟಿನ ಮೇಲಿಡಿ, ಬಟ್ಟೆ ಮುಟ್ಟಬೇಡಿ ಎಂದೆ. ಫೋನನ್ನು ಪಕ್ಕದಲ್ಲಿಟ್ಟರು ಅಂತ ಕಾಣುತ್ತದೆ. ಏನೂ ಕೇಳಿಸಲಿಲ್ಲ. ನಂತರ ಯಾರೋ ಬಸ್ಸಿನ ಮೆಟ್ಟಿಲು ಇಳಿದ ಸಪ್ಪಳ, ಮತ್ತೆ ಭಾವ.

"ಇಟ್ಟೆ. ಕೆಳಗಿಳಿದೆ." ಏದುಸಿರು ಬಿಡುತ್ತಿದ್ದರು. "ಪಂಚೆ ಒದ್ದೆ ಆಗಿದೆ ಮಾರಾಯ್ತಿ. ತೊಡೆ ಹತ್ರ. ರಕ್ತ ಅಲ್ಲ. ಎಂತದೋ ನೀರು."

ಮಳೆ ನೀರಿರಬೇಕು ಎಂದುಕೊಂಡೆ.

ನಾವು ಅಲ್ಲಿಗೆ ತಲುಪಿದಾಗ ಜನರೆಲ್ಲ ರಸ್ತೆಬದಿಯ ಅಂಗಡಿಯ ಮುಂದೆ ಗುಂಪುಗೂಡಿದ್ದರು. ವಿಷಯ ಆಗಲೇ ಬಾಯಿಂದ ಬಾಯಿಗೆ ಹೋಗಿತ್ತು. ಭಾವ ಅವರಿಂದ ದೂರ, ಮೈಲಿಗಲ್ಲಿನ ಹತ್ತಿರ ಒಬ್ಬರೇ ನಿಂತಿದ್ದರು.

ಹಾವು ಹಿಡಿಯುವವರು ಕೊಕ್ಕೆಯೂ ಪ್ಲಾಸ್ಟಿಕ್ ಡ್ರಮ್ಮೂ ಹಿಡಿದು ಒಬ್ಬರೇ ಬಸ್ಸು ಹತ್ತಿದರು. ನಾನು ಬಾಗಿಲಲ್ಲಿ ನಿಂತೆ. ಕೊಕ್ಕೆಯಿಂದ ವೈರ್ ಬ್ಯಾಗನ್ನು ಎತ್ತಿದವರು ಹಾಗೇ ನಿಂತುಬಿಟ್ಟರು. ದಿಂಬಿನ ಕವರು ಅಲ್ಲಲ್ಲಿ ಬೇರೆಬೇರೆಯಾಗಿ ಅಲುಗುತ್ತಿತ್ತು.

"ಮೇಡಂ, ಇದ್ರಲ್ಲಿ ಒಂದಲ್ಲ ಇರೋದು."

ಡ್ರಮ್ಮಿನೊಳಗೆ ಗಂಟು ಬಿಚ್ಚಿದರು. ತಾಯಿ ಸುಸ್ತಾಗಿ ತಳದಲ್ಲಿ ಬಿದ್ದಿತ್ತು. ಅದರ ಸುತ್ತ, ತೆಳ್ಳನೆಯ ಒದ್ದೆ ಪೊರೆಯನ್ನು ಹರಿದುಕೊಂಡು, ಒಂದು ಗೇಣಿನಷ್ಟು ಉದ್ದದ ಮರಿಗಳು ಹೊರಬರುತ್ತಿದ್ದವು. ಒಂದೊಂದರ ಬೆನ್ನಿನ ಮೇಲೂ ಕಪ್ಪು ಅಂಚಿನ ಕಲೆಗಳ ಸರ, ಅಚ್ಚುಕಟ್ಟಾಗಿ, ಈಗಷ್ಟೇ ಬರೆದ ಹಾಗೆ. ಭಾವನ ತೊಡೆಯ ಮೇಲೆಯೇ ಹೆರಿಗೆ ಶುರುವಾಗಿತ್ತು. ಹೆಬ್ಬಾವು ಮೊಟ್ಟೆ ಇಡುತ್ತದೆ. ಕೊಳಕುಮಂಡಲ ಮರಿಯನ್ನೇ ಹೆರುತ್ತದೆ. ಮರಿಗಳಿಗೆ ಹುಟ್ಟುವಾಗಲೇ ವಿಷವಿರುತ್ತದೆ.

ಹಾವು ಹಿಡಿಯುವವರು ಕವರನ್ನು ತಿರುವಿ ನೋಡಿದರು. ಒಂದು ಮೂಲೆಯ ಹೊಲಿಗೆ ಬಿಟ್ಟಿತ್ತು. ಕಿರುಬೆರಳು ತೂರುವಷ್ಟು.

ವೈರ್ ಬ್ಯಾಗಿನ ತಳದಲ್ಲಿ ಒಂದು ಮರಿ ಸಿಕ್ಕಿತು. ವೈರ್ ಬ್ಯಾಗಿನ ಮೈಯೆಲ್ಲ ಕಿಂಡಿ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಷ್ಟು ಹುಟ್ಟಿದವು ಎಂದು ಯಾರಿಗೆ ಗೊತ್ತು?

"ಮಗೂಗೆ ಹಾಲು ಕೊಡ್ಬೇಕು, ಆ ಬ್ಯಾಗು ಕೊಡ್ತೀರಾ?" ಭಾವನ ಪಕ್ಕ ಕೂತಿದ್ದ ಹೆಂಗಸು ಬಾಗಿಲ ಹತ್ತಿರ ಬಂದಿದ್ದಳು. ಸೀಟಿನ ಮೇಲೆ, ಜಿಪ್ ಅರ್ಧ ತೆರೆದ ಬಟ್ಟೆ ಬ್ಯಾಗು. ಮೇಲೆ ಬಾಟಲಿಯ ತುದಿ ಕಾಣುತ್ತಿತ್ತು.

"ಅಲ್ಲೇ ನಿಲ್ಲಿ" ಎಂದರು ಅವರು, ಹಿಂತಿರುಗಿ ನೋಡದೆ. ಕೊಕ್ಕೆಯಿಂದ ಬ್ಯಾಗನ್ನು ಎತ್ತಿ ನಡುದಾರಿಗೆ ಸುರಿದರು. ಬಾಟಲಿ, ಟವೆಲ್ಲು, ಮಗುವಿನ ಉಣ್ಣೆ ಟೋಪಿ. ಟೋಪಿಯನ್ನು ಕೊಕ್ಕೆಯ ತುದಿಯಿಂದ ತಿರುವಿದಾಗ ಒಳಗಿಂದ ಇನ್ನೊಂದು ಮರಿ ತಲೆ ಎತ್ತಿತು. ಅಷ್ಟು ಚಿಕ್ಕ ಮೈಯಿಂದ ಅದೇ ಕುಕ್ಕರಿನ ಸದ್ದು, ತೀರ ಸಣ್ಣಗೆ.

ಆ ತಾಯಿ ಅದನ್ನು ನೋಡಿದಳು. ಕೂಗಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಅಂಗಡಿಯವರು ಹಾಲು ಕಾಯಿಸಿ ಹೊಸ ಲೋಟದಲ್ಲಿ ತಂದುಕೊಟ್ಟರು. ಆ ಟೋಪಿಯನ್ನು ಅವಳು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಬಸ್ಸು ಮುಂದೆ ಹೋಗುವುದು ಬೇಡವೆಂದಾಯಿತು. ಕಂಡಕ್ಟರ್ ಬೇರೆ ಬಸ್ಸು ನಿಲ್ಲಿಸಿ ಎಲ್ಲರನ್ನೂ ಹತ್ತಿಸಿದ. ಲಗೇಜನ್ನು ಒಂದೊಂದಾಗಿ ಕೆಳಗಿಳಿಸಿ, ಕೊಡವಿ ಕೊಟ್ಟದ್ದಾಯಿತು. ಅರಣ್ಯ ಇಲಾಖೆಯವರು ಬಂದು ಡ್ರಮ್ಮನ್ನು ಒಪ್ಪಿಸಿಕೊಂಡರು. ಸೀಟುಗಳನ್ನು ಬಿಚ್ಚಿ ನೋಡಿದಾಗ ಡ್ರೈವರನ ಕಾಲಡಿಯ ರಬ್ಬರಿನ ಕೆಳಗೆ ಇನ್ನೊಂದಿತ್ತು. ಅದು ಕೊನೆಯದೇ ಎಂದು ಯಾರೂ ಹೇಳಲಿಲ್ಲ.

ಅಷ್ಟು ಹೊತ್ತೂ ನಾನು ಭಾವನ ಕಾಲನ್ನು ನೋಡಿರಲಿಲ್ಲ. ಕಾರಿನಲ್ಲಿ ಕೂರಿಸುವಾಗ ಪಂಚೆ ಸರಿಸಿದೆ. ಮೊಣಕಾಲಿನ ಮೇಲುಗಡೆ ಒಂದು ಸಣ್ಣ ಗೀರು. ಒಣಗಿದ್ದೋ ಹಸಿಯೋ ಗೊತ್ತಾಗಲಿಲ್ಲ.

"ಇದೆಂತದು ಭಾವ?"

"ಹಾವು ಹಿಡಿಯುವಾಗ ಮುಳ್ಳು ಗೀರಿತ್ತು ಅನ್ಸ್ತದೆ."

"ಅನ್ಸ್ತದಾ, ಗೊತ್ತಾ?"

ಅವರು ಕಿಟಕಿಯಾಚೆ ನೋಡಿದರು. "ಗೊತ್ತಿಲ್ಲ ಮಾರಾಯ್ತಿ."

ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಕೇಳಿಸಿಕೊಂಡು ಭಾವನ ತೋಳಿನಿಂದ ರಕ್ತ ತೆಗೆದು ಒಂದು ಗಾಜಿನ ಕೊಳವೆಗೆ ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. "ಯಾರೂ ಮುಟ್ಬೇಡಿ" ಎಂದರು. ಆ ವಿಷ ಮೈಗೆ ಸೇರಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೊಳವೆಯನ್ನು ಓರೆ ಮಾಡಿ ನೋಡುತ್ತಾರೆ, ಅಷ್ಟೇ ಪರೀಕ್ಷೆ. ನಾನು ಇದನ್ನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಆ ಕೊಳವೆಯ ಮುಂದೆ ಕೂತಾಗ ಮಾತ್ರ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಮಂಚದ ಮೇಲಿದ್ದ ಭಾವನೂ ಅದನ್ನೇ ನೋಡುತ್ತಿದ್ದರು. ಯಾರೋ ಬಾಗಿಲು ಜೋರಾಗಿ ಹಾಕಿದರು. ಸ್ಟ್ಯಾಂಡು ಅಲುಗೀತೆಂದು ನಾನು ಎದ್ದೇಬಿಟ್ಟೆ.

ಡಾಕ್ಟರು ಬಂದು ಕೊಳವೆಯನ್ನು ಮೆಲ್ಲಗೆ ಓರೆ ಮಾಡಿದರು. ರಕ್ತ ಹರಿಯಲಿಲ್ಲ. ಇನ್ನೂ ಓರೆ ಮಾಡಿದರು. ಗಟ್ಟಿಯಾಗಿ ತಳಕ್ಕೆ ಅಂಟಿಕೊಂಡಿತ್ತು.

"ಹೆಪ್ಪುಗಟ್ಟಿದೆ. ಆದ್ರೂ ನಾಳೆವರೆಗೆ ಇಲ್ಲೇ ಇರ್ಲಿ, ಮತ್ತೆ ಮತ್ತೆ ನೋಡೋಣ."

ನಾನು ಹೊರಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡೆ. ವಾಪಸ್ಸು ಬಂದಾಗ ಭಾವ ಗೋಡೆ ಕಡೆ ತಿರುಗಿ ಮಲಗಿದ್ದರು. ಅಳುತ್ತಿದ್ದರೇನೋ.

ಆಸ್ಪತ್ರೆಯಲ್ಲಿದ್ದೇವೆ ಎಂದಷ್ಟೇ ತಿಳಿಸಿದ್ದೆ, ಸಂಜೆಯ ಬಸ್ಸಿಗೆ ಅಕ್ಕ ಬಂದಳು. ಆ ಬಸ್ಸಿನ ಕಂಡಕ್ಟರ್ ದಾರಿಯುದ್ದಕ್ಕೂ ಅವಳಿಗೆ ಎಲ್ಲ ಹೇಳಿದ್ದನಂತೆ. ಒಳಗೆ ಬಂದವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಗೀರು ನೋಡಿದಳು, ನಂತರ ನನ್ನ ಕಡೆ ತಿರುಗಿದಳು.

"ಬೆಳಿಗ್ಗೆ ಫೋನು ಮಾಡ್ದಾಗ ನಿಂಗೆ ಗೊತ್ತಿತ್ತಲ್ಲ?"

"ಹೂಂ ಅಕ್ಕ."

"ಹೇಳಿದ್ರೆ ನಾನು ಎಂತ ಮಾಡ್ತಿದ್ದೆ. ಬಾಗಿಲಲ್ಲಿ ಕೂತು ಅಳ್ತಿದ್ದೆ." ಮಂಚದ ತುದಿಗೆ ಕೂತು, ಬುತ್ತಿ ಬಿಚ್ಚಿದಳು. ಭಾವ ಬೇಡವೆಂದರು. ತಟ್ಟೆಗೆ ಹಾಕಿ ಎದುರಿಗೆ ಹಿಡಿದೇ ಇದ್ದಳು, ಅವರು ತೆಗೆದುಕೊಳ್ಳುವವರೆಗೂ.

ಎರಡು ತುತ್ತು ತಿಂದ ಮೇಲೆ ಭಾವ ನನ್ನನ್ನು ಕೇಳಿದರು: "ಆ ಟೋಪಿ ಮಗು, ಯಾವೂರಿದು?"

ನನಗೂ ಗೊತ್ತಿರಲಿಲ್ಲ. ಕಂಡಕ್ಟರನಿಗೆ ಕೇಳಿ ಹೇಳುತ್ತೇನೆ ಎಂದೆ.

ಮರುದಿನ ಬಿಡುಗಡೆಯಾಯಿತು. ರಕ್ತ ಪ್ರತಿ ಸಲವೂ ಹೆಪ್ಪುಗಟ್ಟಿತ್ತು. ಬಸ್‌ಸ್ಟ್ಯಾಂಡಿನವರೆಗೂ ನಾನು ಹೋದೆ. ಅಂಗಡಿಯೊಂದರ ಮುಂದೆ ಭಾವ ನಿಂತು, ಮಗುವಿನ ಹೊಸ ಟೋಪಿ ಕೊಂಡು ಹಿಂದಿನ ದಿನದ ಕಂಡಕ್ಟರನ ಕೈಗೆ ಕೊಟ್ಟರು, ಆ ತಾಯಿ ಮತ್ತೆ ಬಸ್ಸಿಗೆ ಬಂದರೆ ಕೊಡು ಎಂದು. ಅಕ್ಕ ಅವರನ್ನು ಕಿಟಕಿ ಪಕ್ಕ ಕೂರಿಸಿದಳು. ತಾನು ಕೂರುವ ಮೊದಲು ಸೆರಗು ಹಿಡಿದುಕೊಂಡು ಬಗ್ಗಿ, ಸೀಟಿನ ಅಡಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಹಿಂದಿನ ಸೀಟಿನವರೂ ಬಗ್ಗಿ ನೋಡಿದರು.